ರಾಷ್ಟ್ರಧ್ವಜದ ಇತಿಹಾಸದಲ್ಲಿ ಮಂಡ್ಯ ಸೀಮೆ

(ಮದ್ದೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳನ್ನೂ ಊರಿನ ಹಿರಿಯರನ್ನೂ ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ. ರಾಷ್ಟ್ರಧ್ವಜದ ಅರ್ಥ ಮತ್ತು ಇತಿಹಾಸವನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಕೇಳಿದ್ದಾರೆ. ಕೇಸರಿ ತ್ಯಾಗಕ್ಕೆ, ಬಿಳಿ ಶಾಂತಿಗೆ, ಹಸಿರು ಸಮೃದ್ಧಿಗೆ ಎಂಬುದನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ಅದನ್ನೇ ಮತ್ತೆ ಕೇಳುತ್ತೇವೆ. ಆ ವಿವರಣೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅದೊಂದನ್ನೇ ಹಿಡಿದು ಹೊರಟರೆ, ಧ್ವಜವೆಂಬುದು ಯಾರೋ ಕೆಲವು ದೊಡ್ಡವರು ಕುಳಿತು ಬಣ್ಣ ಆರಿಸಿ ನಮ್ಮ ಕೈಗೆ ಕೊಟ್ಟ ವಸ್ತು ಎಂಬ ಭಾವನೆ ಬಂದುಬಿಡುತ್ತದೆ. ಈ ಬಟ್ಟೆಯನ್ನು ಕಂಬಕ್ಕೆ ಏರಿಸುವುದೇ ಅಪರಾಧವೆನಿಸಿಕೊಂಡಿದ್ದ ಕಾಲವೊಂದಿತ್ತು, ಮತ್ತು ಆ ಅಪರಾಧವನ್ನು ಸಾವಿರಾರು ಜನ ಸೇರಿ ತಿಳಿದೂ ತಿಳಿದೂ ಎಸಗಿದ ಜಾಗ ನಾವು ಕುಳಿತಿರುವಲ್ಲಿಂದ ಕೂಗಳತೆಯಲ್ಲಿದೆ. ಆದ್ದರಿಂದ ಇಂದು ಬಣ್ಣಗಳ ಅರ್ಥವನ್ನು ಸ್ವಲ್ಪ ಹಿಂದಕ್ಕಿಟ್ಟು, ಧ್ವಜವನ್ನು ಹಾರಿಸುವ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಮಾತನಾಡುತ್ತೇನೆ.

ಆರಂಭದ ಕಾಲದ ಧ್ವಜಗಳನ್ನು ಬೇಗನೆ ಹೇಳಿ ಮುಗಿಸಬಹುದು. ಬಂಗಾಳದ ವಿಭಜನೆಯ ವಿರುದ್ಧ ಚಳವಳಿ ಕಾವೇರಿದ್ದಾಗ, 1906ರ ಆಗಸ್ಟ್ 7ರಂದು ಕಲ್ಕತ್ತೆಯ ಪಾರ್ಸಿ ಬಾಗಾನ್ ಚೌಕದಲ್ಲಿ ‘ವಂದೇ ಮಾತರಂ’ ಎಂದು ಬರೆದಿದ್ದ ಮೂರು ಪಟ್ಟಿಗಳ ಧ್ವಜವೊಂದನ್ನು ಹಾರಿಸಲಾಯಿತು. ಮರುವರ್ಷ ಮೇಡಂ ಭಿಕಾಜಿ ಕಾಮಾ ಅವರು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮಾಜವಾದಿ ಸಮ್ಮೇಳನದಲ್ಲಿ ಅಂಥದೇ ಒಂದು ಧ್ವಜವನ್ನು ಎತ್ತಿ ಹಿಡಿದರು. 1917ರಲ್ಲಿ ಆನಿ ಬೆಸೆಂಟ್ ಮತ್ತು ತಿಲಕರ ಹೋಂ ರೂಲ್ ಚಳವಳಿಯವರು ಐದು ಕೆಂಪು, ನಾಲ್ಕು ಹಸಿರು ಪಟ್ಟಿಗಳ ಮೇಲೆ ಸಪ್ತರ್ಷಿ ಮಂಡಲದ ಏಳು ನಕ್ಷತ್ರಗಳನ್ನಿಟ್ಟ ಧ್ವಜವನ್ನು ಬಳಸಿದರು. ಅದರ ಒಂದು ಮೂಲೆಯಲ್ಲಿ ಬ್ರಿಟಿಷರ ಯೂನಿಯನ್ ಜ್ಯಾಕ್ ಕೂಡ ಇತ್ತು. ಸಾಮ್ರಾಜ್ಯದ ಒಳಗೇ ಇದ್ದುಕೊಂಡು ಸ್ವಯಮಾಡಳಿತವನ್ನು ಕೇಳುತ್ತಿದ್ದವರ ಧ್ವಜದಲ್ಲಿ ಆ ಗುರುತು ಇದ್ದುದು ಪ್ರಾಮಾಣಿಕವಾಗಿಯೇ ಇತ್ತೆಂದು ನನಗನ್ನಿಸುತ್ತದೆ. ಇವುಗಳಲ್ಲಿ ಯಾವುದೂ ಜನಸಾಮಾನ್ಯರ ಮನೆಬಾಗಿಲಿಗೆ ಬರಲಿಲ್ಲ.

ಬಂದದ್ದು 1921ರ ನಂತರದ ಧ್ವಜ. ಆ ವರ್ಷ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಅಖಿಲ ಭಾರತ ಕಾಂಗ್ರೆಸ್ ಸಮಿತಿ ಸೇರಿದ್ದಾಗ ಆಂಧ್ರದ ಪಿಂಗಳಿ ವೆಂಕಯ್ಯನವರು ಕೆಂಪು ಮತ್ತು ಹಸಿರು ಬಣ್ಣಗಳ ಧ್ವಜವೊಂದನ್ನು ಗಾಂಧೀಜಿಯವರ ಮುಂದಿಟ್ಟರು. ಧ್ವಜದಲ್ಲಿ ಚರಕ ಇರಬೇಕೆಂಬ ಸಲಹೆ ಜಲಂಧರದ ಲಾಲಾ ಹಂಸರಾಜರದು. ಕೆಂಪು ಹಿಂದೂಗಳಿಗೆ, ಹಸಿರು ಮುಸಲ್ಮಾನರಿಗೆ ಎಂದಾದರೆ ಉಳಿದವರ ಗತಿಯೇನು ಎಂದು ಯೋಚಿಸಿದ ಗಾಂಧೀಜಿ ಬಿಳಿಯ ಪಟ್ಟಿಯನ್ನೂ ಸೇರಿಸಿದರು. ಆ ಧ್ವಜದಲ್ಲಿ ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಕೆಳಗೆ ಇತ್ತು. ಸಂಖ್ಯೆಯಲ್ಲಿ ಕಡಿಮೆಯಿರುವವರಿಗೆ ಮೇಲಿನ ಸ್ಥಾನ ಎಂಬ ಸೌಜನ್ಯ ಆ ಜೋಡಣೆಯಲ್ಲಿತ್ತು. ಇಷ್ಟಾದರೂ ಅದು ಕೈಯಲ್ಲಿ ನೂತು ನೇಯ್ದ ಖಾದಿಯದೇ ಆಗಿರಬೇಕೆಂಬ ನಿಯಮವೇ ಬಣ್ಣಗಳಿಗಿಂತ ಹೆಚ್ಚಿನ ಕೆಲಸ ಮಾಡಿತೆಂದು ನಾನು ಭಾವಿಸುತ್ತೇನೆ. ನಂಜನಗೂಡು ತಾಲೂಕಿನ ಬದನವಾಳಿನಲ್ಲಿ ರಾಟೆಯ ಮುಂದೆ ಕುಳಿತ ಹೆಣ್ಣುಮಗಳಿಗೆ ದೇಶದ ಧ್ವಜ ಪರಕೀಯವಾಗಿರಲಿಲ್ಲ. ಅದು ಅವಳ ಕೈಕೆಲಸದ ಬಟ್ಟೆಯೇ ಆಗಿತ್ತು.

ಧ್ವಜವನ್ನು ಕಾನೂನು ಮುರಿಯುವ ಸಾಧನವನ್ನಾಗಿ ಮಾಡಿದ್ದು 1923ರ ನಾಗಪುರ ಸತ್ಯಾಗ್ರಹ. ಯುರೋಪಿಯನ್ನರು ವಾಸಿಸುತ್ತಿದ್ದ ಸಿವಿಲ್ ಲೈನ್ಸ್ ಪ್ರದೇಶಕ್ಕೆ ಧ್ವಜ ಹಿಡಿದು ಹೋಗಬಾರದೆಂದು ಆಜ್ಞೆಯಾಯಿತು. ಸ್ವಯಂಸೇವಕರು ದಿನವೂ ತಂಡ ತಂಡವಾಗಿ ಧ್ವಜ ಹಿಡಿದೇ ಹೋಗಿ ಬಂಧನಕ್ಕೊಳಗಾದರು. ಜಮ್ನಾಲಾಲ್ ಬಜಾಜರು ಸೆರೆಯಾದ ಮೇಲೆ ವಲ್ಲಭಭಾಯಿ ಪಟೇಲರು ಮುಂದಾಳುತನ ವಹಿಸಿದರು, ಸಾವಿರಕ್ಕೂ ಹೆಚ್ಚು ಮಂದಿ ಜೈಲು ಕಂಡರು. ಕರ್ನಾಟಕದಿಂದ ಹೋದ ತಂಡದಲ್ಲಿ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರಿದ್ದರು. ಸೆರೆಮನೆಯಲ್ಲಿ ಕ್ಷಮಾಪಣೆ ಬರೆದುಕೊಡಲು ಒಪ್ಪದೆ ಅವರ ತಂಡ ಗಟ್ಟಿಯಾಗಿ ನಿಂತದ್ದು ದೇಶದ ಗಮನ ಸೆಳೆಯಿತು. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡ ಅಧಿವೇಶನದ ವೇಳೆಗೆ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಧ್ವಜವಂದನೆಯನ್ನು ಕ್ರಮಬದ್ಧವಾಗಿ, ಕವಾಯತಿನ ಶಿಸ್ತಿನಿಂದ ಮಾಡುವುದನ್ನು ಈ ದೇಶಕ್ಕೆ ಕಲಿಸಿದವರಲ್ಲಿ ಸೇವಾದಳದವರು ಮೊದಲಿಗರು. ನಮ್ಮ ಶಾಲಾ ಮೈದಾನಗಳಲ್ಲಿ ಇಂದು ಕಾಣುವ ಸಾಲು, ಸಾವಧಾನ, ವಂದನೆಗಳ ಹಿಂದೆ ಹುಬ್ಬಳ್ಳಿಯ ಆ ವೈದ್ಯರ ಪರಿಶ್ರಮವೂ ಇದೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಸ್ಪಷ್ಟವಾಗಿ ಹೇಳಬಹುದಿತ್ತು.

ಬಣ್ಣಗಳನ್ನು ಮತಧರ್ಮಗಳಿಗೆ ಹಂಚಿದ್ದು ಮಾತ್ರ ಹೆಚ್ಚು ಕಾಲ ಬಾಳಲಿಲ್ಲ. ಒಬ್ಬರಿಗೆ ಒಂದು ಪಟ್ಟಿ ಕೊಟ್ಟಮೇಲೆ ಮತ್ತೊಬ್ಬರು ತಮ್ಮದೆಲ್ಲಿ ಎಂದು ಕೇಳುವುದು ಸಹಜ. ಸಿಖ್ಖರು ತಮ್ಮ ಬಣ್ಣಕ್ಕೂ ಸ್ಥಾನ ಬೇಕೆಂದರು. 1931ರ ಕರಾಚಿ ಅಧಿವೇಶನದ ಕಾಲಕ್ಕೆ ಇದನ್ನು ಇತ್ಯರ್ಥಪಡಿಸಲು ಏಳು ಮಂದಿಯ ಸಮಿತಿ ನೇಮಕವಾಯಿತು. ಪಟೇಲ್, ನೆಹರೂ, ಆಜಾದ್, ಮಾಸ್ಟರ್ ತಾರಾಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ ಇವರೊಂದಿಗೆ ಅದರಲ್ಲಿ ನಮ್ಮ ಹರ್ಡೀಕರರೂ ಇದ್ದರು. ಇಡೀ ಧ್ವಜವೇ ಒಂದು ಕೇಸರಿ ಬಣ್ಣದ್ದಾಗಿರಲಿ, ಮೇಲೊಂದು ಚರಕವಿರಲಿ ಎಂದು ಸಮಿತಿ ಶಿಫಾರಸು ಮಾಡಿತು. ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು ಒಪ್ಪದೆ, ಅದೇ ಆಗಸ್ಟಿನಲ್ಲಿ ಕೇಸರಿ, ಬಿಳಿ, ಹಸಿರುಗಳ ತ್ರಿವರ್ಣವನ್ನೂ ನಡುವೆ ನೀಲಿ ಚರಕವನ್ನೂ ಅಂಗೀಕರಿಸಿತು. ಈ ಬಣ್ಣಗಳಿಗೆ ಮತೀಯ ಅರ್ಥವಿಲ್ಲವೆಂದು ಆ ನಿರ್ಣಯ ಸ್ಪಷ್ಟಪಡಿಸಿತು: ಕೇಸರಿ ಧೈರ್ಯ ತ್ಯಾಗಗಳಿಗೆ, ಬಿಳಿ ಸತ್ಯ ಶಾಂತಿಗಳಿಗೆ, ಹಸಿರು ಶ್ರದ್ಧೆ ಮತ್ತು ಶೌರ್ಯಕ್ಕೆ, ಚರಕ ಜನಸಾಮಾನ್ಯರ ಆಶೋತ್ತರಕ್ಕೆ. ಇಂದಿಗೂ ಕೆಲವರು ಯಾವ ಪಟ್ಟಿ ಯಾರದು ಎಂದು ಹಂಚಿ ಮಾತನಾಡುವುದನ್ನು ಕೇಳುತ್ತೇವೆ. ಅವರು 1931ಕ್ಕಿಂತ ಹಿಂದಿನ ಕಾಲದಲ್ಲೇ ಉಳಿದುಬಿಟ್ಟಿದ್ದಾರೆ.

ಈಗ ನಮ್ಮ ಸೀಮೆಗೆ ಬರೋಣ. ಬ್ರಿಟಿಷ್ ಆಡಳಿತವಿದ್ದ ನಾಗಪುರದಲ್ಲಿ ಧ್ವಜ ಹಾರಿಸುವುದಕ್ಕೂ ಮೈಸೂರು ಸಂಸ್ಥಾನದಲ್ಲಿ ಹಾರಿಸುವುದಕ್ಕೂ ಒಂದು ದೊಡ್ಡ ವ್ಯತ್ಯಾಸವಿತ್ತು. ಅಲ್ಲಿ ಎದುರಿಗಿದ್ದವನು ಪರದೇಶದ ಆಳರಸ. ಇಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಗಾಂಧೀಜಿಯವರೇ ರಾಜರ್ಷಿ ಎಂದು ಗೌರವಿಸಿದ, ಕನ್ನಂಬಾಡಿ ಕಟ್ಟೆ ಕಟ್ಟಿಸಿ ಈ ಒಣನೆಲಕ್ಕೆ ನೀರು ಹರಿಸಿದ ದೊರೆ. 1881ರಿಂದಲೇ ಇಲ್ಲಿ ಪ್ರಜಾಪ್ರತಿನಿಧಿ ಸಭೆಯಿತ್ತು, 1907ರಿಂದ ನ್ಯಾಯವಿಧಾಯಕ ಸಭೆಯಿತ್ತು. ಕಬ್ಬು ಬಂದಿತ್ತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದಿತ್ತು. ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತದ ದಕ್ಷತೆಯನ್ನು ವಿರೋಧಿಗಳೂ ಅಲ್ಲಗಳೆಯುತ್ತಿರಲಿಲ್ಲ. ಹೀಗಿರುವಾಗ ಈ ಜನರಿಗೆ ಮತ್ತೊಂದು ಬಾವುಟ ಏಕೆ ಬೇಕಾಯಿತು?

ಉತ್ತರದ ಒಂದು ಭಾಗ ಕಾಲುವೆಯಲ್ಲೇ ಇದೆ. ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ಇರ್ವಿನ್ ನಾಲೆಯ ನೀರಿನ ಜೊತೆಗೆ ರೈತರ ಮೇಲೆ ಹೊಸ ಕರಗಳ ಭಾರವೂ ಬಿತ್ತು. 1931–32ರಲ್ಲಿ ಎಚ್. ಕೆ. ವೀರಣ್ಣಗೌಡರ ಮುಂದಾಳುತನದಲ್ಲಿ ಈ ಭಾಗದ ರೈತರು ಚಳವಳಿ ಹೂಡಿದರು. ನೀರು ಕೊಟ್ಟ ಸರ್ಕಾರದ ಮೇಲೆ ಅವರಿಗೆ ಕೃತಜ್ಞತೆ ಇರಲಿಲ್ಲವೆಂದಲ್ಲ. ತಮ್ಮ ಹೊಲದ ಮೇಲೆ ಎಷ್ಟು ಕರ ಹಾಕಬೇಕೆಂಬುದನ್ನು ತಮ್ಮ ಮಾತು ಕೇಳದೆಯೇ ತೀರ್ಮಾನಿಸುವ ಪದ್ಧತಿಯನ್ನು ಅವರು ಒಪ್ಪಲಿಲ್ಲ. ಪ್ರತಿನಿಧಿ ಸಭೆ ಅಹವಾಲು ಹೇಳಬಹುದಿತ್ತು, ಆದರೆ ದಿವಾನರನ್ನು ಇಳಿಸುವ ಅಧಿಕಾರ ಅದಕ್ಕಿರಲಿಲ್ಲ. ಜನರಿಗೆ ಉತ್ತರ ಕೊಡಬೇಕಾದ ಸರ್ಕಾರ, ಆ ಕಾಲದವರು ಜವಾಬ್ದಾರಿ ಸರ್ಕಾರ ಎಂದು ಕರೆದದ್ದು, ಆಮೇಲಿನ ಎಲ್ಲ ಹೋರಾಟಗಳ ಬೇಡಿಕೆಯಾಯಿತು. 1937ರಲ್ಲಿ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನಲ್ಲಿ ಒಂದಾದ ಮೇಲೆ ಆ ಬೇಡಿಕೆ ಬೆಂಗಳೂರು, ಮೈಸೂರಿನ ವಕೀಲರ ಮನೆಗಳಿಂದ ಹಳ್ಳಿಯ ಜಗುಲಿಗೆ ಇಳಿಯಿತು. 1938ರ ಫೆಬ್ರವರಿಯಲ್ಲಿ ಹರಿಪುರದಲ್ಲಿ ಸುಭಾಷ್‌ಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್, ಸಂಸ್ಥಾನಗಳ ಹೋರಾಟವನ್ನು ಅಲ್ಲಿನ ಜನರೇ ತಮ್ಮ ಸಂಘಟನೆಗಳ ಮೂಲಕ ನಡೆಸಬೇಕೆಂದು ತೀರ್ಮಾನಿಸಿತು. ಮೈಸೂರು ಕಾಂಗ್ರೆಸ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಾಗಿ ಬಂದ ಸಂದರ್ಭ ಅದು.

ಅದರ ಮೊದಲ ಅಧಿವೇಶನಕ್ಕೆ ಆರಿಸಿಕೊಂಡ ಜಾಗ ಶಿವಪುರ. ಆಗ ಮಂಡ್ಯ ಜಿಲ್ಲೆಯೇ ಹುಟ್ಟಿರಲಿಲ್ಲ. ಅದು ರಚನೆಯಾದದ್ದು ಮರುವರ್ಷ, 1939ರಲ್ಲಿ. ಈ ಸೀಮೆಯೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು. ಬೆಂಗಳೂರಿಗೂ ಮೈಸೂರಿಗೂ ನಡುವೆ, ರೈಲು ಮತ್ತು ಹೆದ್ದಾರಿ ಎರಡಕ್ಕೂ ಹತ್ತಿರವಾಗಿ, ಶಿಂಷಾ ನದಿಯ ನೀರಿಗೆ ಸಮೀಪದಲ್ಲಿ ಇದ್ದುದರಿಂದ ದೊಡ್ಡ ಸಭೆಗೆ ಅನುಕೂಲವಾದ ಸ್ಥಳ. ಅದಕ್ಕಿಂತ ಮುಖ್ಯವಾಗಿ, ನಾಲೆಯ ಚಳವಳಿಯಲ್ಲಿ ಒಮ್ಮೆ ಎದೆಯೊಡ್ಡಿ ನಿಂತು ಅಭ್ಯಾಸವಾಗಿದ್ದ ರೈತರು ಸುತ್ತಮುತ್ತಲ ಹಳ್ಳಿಗಳಲ್ಲಿದ್ದರು. ಅಧಿವೇಶನದಲ್ಲಿ ಕಾಂಗ್ರೆಸ್ ಧ್ವಜವನ್ನು ಹಾರಿಸಬಾರದೆಂದು ಸರ್ಕಾರ ನಿಷೇಧಾಜ್ಞೆ ಹೊರಡಿಸಿತು. 1938ರ ಏಪ್ರಿಲ್ 11ರಂದು, ಸಾವಿರಾರು ಜನರ ಎದುರಿನಲ್ಲಿ, ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮೀರಿ ಧ್ವಜವನ್ನು ಏರಿಸಿದರು. ಪೊಲೀಸರು ಅವರನ್ನು ಬಂಧಿಸಿದರು. ಒಬ್ಬರನ್ನು ಹಿಡಿದರೆ ಇನ್ನೊಬ್ಬರು ಮುಂದೆ ಬರುವ ಸತ್ಯಾಗ್ರಹದ ಕ್ರಮ ಅಲ್ಲಿಯೂ ನಡೆಯಿತು, ಮುಖಂಡರು ಸಾಲಾಗಿ ಸೆರೆಯಾದರು. ಆ ಜನಜಂಗುಳಿಯ ನಡುವೆಯೂ ಅಲ್ಲಿ ರಕ್ತ ಹರಿಯಲಿಲ್ಲ. ಇದು ಆಕಸ್ಮಿಕವಲ್ಲ, ಜನ ಶಿಸ್ತಿನಿಂದ ಕುಳಿತಿದ್ದರು ಎಂಬುದಕ್ಕೆ ಸಾಕ್ಷಿ.

ಶಿವಪುರದ ಸತ್ಯಾಗ್ರಹಿಗಳು ಮಹಾರಾಜರನ್ನು ಕೆಳಗಿಳಿಸಲು ಹೊರಟವರಾಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ದೊರೆಯ ಛತ್ರಛಾಯೆಯಲ್ಲೇ ಜವಾಬ್ದಾರಿ ಸರ್ಕಾರ ಬೇಕೆಂಬುದು ಅವರ ಬೇಡಿಕೆ. ದಸರೆಯಲ್ಲಿ ಅಂಬಾರಿಯ ಮುಂದೆ ಕೈಮುಗಿದು ನಿಲ್ಲುತ್ತಿದ್ದ ಜನರೇ ಶಿವಪುರದಲ್ಲಿ ತ್ರಿವರ್ಣದ ಕೆಳಗೂ ನಿಂತರು. ಒಳ್ಳೆಯ ದೊರೆಯ ಒಳ್ಳೆಯ ಪ್ರಜೆಗಳಾಗಿರುವುದಷ್ಟೇ ಸಾಲದು, ಇಡೀ ದೇಶದ ಜನರೊಂದಿಗೆ ನಾವೂ ಹಕ್ಕುದಾರರು ಎಂದು ಹೇಳುವುದಕ್ಕೆ ಅವರಿಗೆ ಗಂಡಭೇರುಂಡದ ಬಾವುಟದ ಜೊತೆಗೆ ಇನ್ನೊಂದು ಬಾವುಟ ಬೇಕಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಧ್ವಜ ಪರಕೀಯರು ತೊಲಗಬೇಕೆಂದು ಹೇಳಿದರೆ, ಇಲ್ಲಿ ಅದು ನಮ್ಮವರೇ ಆಳುವಾಗಲೂ ನಮ್ಮನ್ನು ಕೇಳಬೇಕೆಂದು ಹೇಳಿತು. ಎರಡನೆಯದು ಹೇಳಲು ಹೆಚ್ಚು ಕಷ್ಟವಾದ ಮಾತು, ಏಕೆಂದರೆ ಅದನ್ನು ಹೇಳುವವನಿಗೆ ಉಪಕಾರಸ್ಮರಣೆಯಿಲ್ಲದವನೆಂಬ ಅಪವಾದ ಕಟ್ಟಿಟ್ಟದ್ದು. ರಾಷ್ಟ್ರಧ್ವಜದ ಅರ್ಥಕ್ಕೆ ಮಂಡ್ಯ ಸೀಮೆ ಕೊಟ್ಟ ಕೊಡುಗೆ ಇದು ಎಂಬುದೇ ನನ್ನ ಇಂದಿನ ಉಪನ್ಯಾಸದ ತಿರುಳು.

ಎರಡು ವಾರ ಕಳೆಯುವುದರೊಳಗೆ, ಏಪ್ರಿಲ್ 25ರಂದು, ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂದು ಜನ ಸ್ಮರಿಸುತ್ತಾರೆ. ಸರ್ಕಾರ ಒಪ್ಪಿದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಸುದ್ದಿ ದೇಶವನ್ನೆಲ್ಲ ಮುಟ್ಟಿತು. ಸರ್ಕಾರ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಗಾಂಧೀಜಿ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿಯವರನ್ನು ಮೈಸೂರಿಗೆ ಕಳುಹಿಸಿದರು. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ, ಬಂಧಿತರ ಬಿಡುಗಡೆ, ಇವುಗಳೊಂದಿಗೆ ಧ್ವಜದ ಪ್ರಶ್ನೆಗೂ ಒಂದು ದಾರಿ ಕಂಡುಕೊಳ್ಳಲಾಯಿತು: ವಿಧ್ಯುಕ್ತ ಸಮಾರಂಭಗಳಲ್ಲಿ ಸಂಸ್ಥಾನದ ಬಾವುಟ ಮತ್ತು ಕಾಂಗ್ರೆಸ್ ಧ್ವಜ ಎರಡೂ ಜೊತೆಯಲ್ಲಿ ಹಾರಬೇಕು; ಪಕ್ಷದ ಸಭೆಗಳಲ್ಲಿ ಕಾಂಗ್ರೆಸ್ ಧ್ವಜವೊಂದೇ ಹಾರಬಹುದು. ಕೆಲವರಿಗೆ ಇದು ರಾಜಿಯಾಗಿ ಕಂಡಿತು. ನನಗೆ ಇದು ಆ ಕಾಲದ ಮೈಸೂರಿನ ಮನಸ್ಸನ್ನು ಸರಿಯಾಗಿ ಅರಿತ ಏರ್ಪಾಡೆಂದೇ ತೋರುತ್ತದೆ. ಹಿಂದಿನ ತಿಂಗಳು ಅಪರಾಧವಾಗಿದ್ದುದನ್ನು ಸರ್ಕಾರವೇ ಕಾನೂನುಬದ್ಧವೆಂದು ಒಪ್ಪಿಕೊಂಡಿತಲ್ಲ, ಸತ್ಯಾಗ್ರಹದ ಗೆಲುವು ಅಲ್ಲಿದೆ.

ಒಂಬತ್ತು ವರ್ಷಗಳ ನಂತರ ಸಂವಿಧಾನ ಸಭೆಯ ಮುಂದೆ ಧ್ವಜದ ವಿಷಯ ಬಂದಿತು. ರಾಜೇಂದ್ರ ಪ್ರಸಾದರ ಅಧ್ಯಕ್ಷತೆಯ ಸಮಿತಿಯಲ್ಲಿ ಆಜಾದ್, ರಾಜಗೋಪಾಲಾಚಾರಿ, ಸರೋಜಿನಿ ನಾಯ್ಡು, ಕೆ. ಎಂ. ಮುನ್ಷಿ, ಅಂಬೇಡ್ಕರ್ ಮೊದಲಾದವರಿದ್ದರು. 1947ರ ಜುಲೈ 22ರಂದು ನೆಹರೂ ಅವರು ನಿರ್ಣಯವನ್ನು ಮಂಡಿಸಿ, ರೇಷ್ಮೆ ಖಾದಿಯದೊಂದು, ಹತ್ತಿ ಖಾದಿಯದೊಂದು, ಹೀಗೆ ಎರಡು ಧ್ವಜಗಳನ್ನು ಸಭೆಗೆ ತೋರಿಸಿದರು. ಚರಕದ ಜಾಗದಲ್ಲಿ ಸಾರನಾಥದ ಅಶೋಕ ಸ್ತಂಭದ 24 ಅರಗಳ ಚಕ್ರ ಬಂದದ್ದಕ್ಕೆ ಅವರು ಕೊಟ್ಟ ಕಾರಣಗಳಲ್ಲೊಂದು ಬಹಳ ಲೌಕಿಕವಾದದ್ದು: ಚರಕದ ಒಂದು ತುದಿಯಲ್ಲಿ ಚಕ್ರ, ಇನ್ನೊಂದು ತುದಿಯಲ್ಲಿ ಕದಿರು ಇರುವುದರಿಂದ ಧ್ವಜದ ಎರಡು ಮಗ್ಗುಲೂ ಒಂದೇ ರೀತಿ ಕಾಣುವುದಿಲ್ಲ. ಹಾಗಿದ್ದೂ ಆ ಚಕ್ರ ಚರಕದ ಪ್ರತೀಕವೇ ಎಂದು ನಿರ್ಣಯದಲ್ಲಿ ಬರೆಯಲಾಗಿದೆ. ಗಾಂಧೀಜಿಗೆ ಇದು ಸಮಾಧಾನ ತರಲಿಲ್ಲ; ಚರಕವಿಲ್ಲದ ಧ್ವಜಕ್ಕೆ ತಾವು ವಂದಿಸಲಾರೆವೆಂದು ಬರೆದರು. ಸ್ವಾತಂತ್ರ್ಯ ಬರಲಿದ್ದ ವಾರಗಳಲ್ಲೇ ರಾಷ್ಟ್ರಪಿತನೆನಿಸಿಕೊಂಡವರು ರಾಷ್ಟ್ರಧ್ವಜದ ಬಗ್ಗೆ ತಮ್ಮ ಅಸಮಾಧಾನವನ್ನು ಬಹಿರಂಗವಾಗಿ ಹೇಳಿದರು, ದೇಶ ಅದನ್ನು ಕೇಳಿಸಿಕೊಂಡಿತು. ಧ್ವಜದ ಬಗ್ಗೆ ಭಿನ್ನಾಭಿಪ್ರಾಯವೇ ದ್ರೋಹ ಎಂದು ಅಂದು ಯಾರೂ ಭಾವಿಸಲಿಲ್ಲ.

ಅದೇ ದಿನ ಸಭೆಯಲ್ಲಿ ಮಾತನಾಡಿದವರಲ್ಲಿ ಡಾ. ಎಸ್. ರಾಧಾಕೃಷ್ಣನ್ ಒಬ್ಬರು. ಮೈಸೂರಿನವರಿಗೆ ಅವರು ಹೊರಗಿನವರಲ್ಲ. 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ ತಾವೇ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದರೆಂಬ ಸಂಗತಿಯನ್ನು ಹಳೆಯ ಮೈಸೂರಿಗರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಕೇಸರಿಯನ್ನು ಅವರು ನಾಯಕರಾದವರು ಸ್ವಂತ ಲಾಭವನ್ನು ತೊರೆಯಬೇಕೆಂಬ ವೈರಾಗ್ಯಕ್ಕೆ, ಬಿಳಿಯನ್ನು ಸತ್ಯದ ದಾರಿ ತೋರುವ ಬೆಳಕಿಗೆ, ಹಸಿರನ್ನು ನಮಗೂ ಮಣ್ಣಿಗೂ ಇರುವ ನಂಟಿಗೆ, ಚಕ್ರವನ್ನು ಧರ್ಮಕ್ಕೂ ಚಲನೆಗೂ ಹೊಂದಿಸಿ ವಿವರಿಸಿದರು. ನಮ್ಮ ಶಾಲೆಗಳಲ್ಲಿ ಹೇಳಿಕೊಡುವ ಅರ್ಥಗಳು ಬಹುಮಟ್ಟಿಗೆ ಈ ಭಾಷಣದಿಂದಲೂ 1931ರ ನಿರ್ಣಯದಿಂದಲೂ ಬಂದವು. ಕೇಸರಿಯ ತ್ಯಾಗ ಮೊದಲು ಅನ್ವಯಿಸುವುದು ನಾಯಕರಿಗೆ ಎಂಬ ಭಾಗ ಮಾತ್ರ ಪಾಠದಿಂದ ಹೇಗೋ ಜಾರಿಹೋಗಿದೆ.

ಆಗಸ್ಟ್ 15 ಬಂದರೂ ಮೈಸೂರಿನ ಪ್ರಶ್ನೆ ಮುಗಿಯಲಿಲ್ಲ. ಜಯಚಾಮರಾಜ ಒಡೆಯರು ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಒಪ್ಪಂದಕ್ಕೆ ಸಹಿ ಹಾಕಿದ್ದರು, ಆದರೆ ಜವಾಬ್ದಾರಿ ಸರ್ಕಾರ ಇನ್ನೂ ಬಂದಿರಲಿಲ್ಲ. ಸೆಪ್ಟೆಂಬರ್ 1ರಿಂದ ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ‘ಮೈಸೂರು ಚಲೋ’ ಚಳವಳಿ ಆರಂಭವಾಯಿತು. ಆ ತಿಂಗಳಲ್ಲೇ ಮೈಸೂರಿನಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡಿಗೆ ಬಲಿಯಾದನು. ಚಾಮರಾಜ ಜೋಡಿ ರಸ್ತೆಯಲ್ಲಿ ನಾವು ದಿನವೂ ಬಸ್ಸಿನಲ್ಲಿ ದಾಟಿಹೋಗುವ ರಾಮಸ್ವಾಮಿ ವೃತ್ತಕ್ಕೆ ಅವನದೇ ಹೆಸರು. ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ ರೆಡ್ಡಿಯವರು ಮೊದಲ ಮುಖ್ಯಮಂತ್ರಿಯಾದರು. ಶಿವಪುರದಲ್ಲಿ ಧ್ವಜವೇರಿಸಿ ಸೆರೆಯಾದ ಸಿದ್ಧಲಿಂಗಯ್ಯನವರು ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲೊಬ್ಬರಾದರು.

ಇನ್ನು ಧ್ವಜದ ಬಟ್ಟೆ ಮತ್ತು ಕಾನೂನಿನ ಮಾತು. ಸ್ವತಂತ್ರ ಭಾರತದ ಮಾನಕ ಸಂಸ್ಥೆ ವಸ್ತುಗಳಿಗೆ ಗುಣಮಟ್ಟ ಗೊತ್ತುಪಡಿಸಲು ತೊಡಗಿದಾಗ ಒಂದನೆಯ ಸಂಖ್ಯೆಯನ್ನು, ಅಂದರೆ ‘ಐಎಸ್ 1’ ಎಂಬುದನ್ನು, ರಾಷ್ಟ್ರಧ್ವಜಕ್ಕೇ ಕೊಟ್ಟಿತು. ಉದ್ದ ಅಗಲಗಳು 3:2ರ ಪ್ರಮಾಣದಲ್ಲಿ, 6300×4200 ಮಿಲಿಮೀಟರಿನಿಂದ 150×100 ಮಿಲಿಮೀಟರಿನವರೆಗೆ ಒಂಬತ್ತು ಅಳತೆಗಳು ನಿಗದಿಯಾಗಿವೆ. ಈ ಮಾನಕಕ್ಕೆ ತಕ್ಕ ಖಾದಿ ಧ್ವಜಗಳನ್ನು ತಯಾರಿಸುವ ಹೆಸರಾಂತ ಕೇಂದ್ರವೂ ನಮ್ಮ ರಾಜ್ಯದಲ್ಲೇ, ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬರುತ್ತದೆ. ಅಲ್ಲಿ ಕತ್ತರಿಸುವ, ಹೊಲಿಯುವ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಚಕ್ರದ ಅಚ್ಚು ಎರಡೂ ಮಗ್ಗುಲಲ್ಲಿ ಒಂದರ ಮೇಲೊಂದು ಕೂದಲೆಳೆಯೂ ಸರಿಯದಂತೆ ಕೂರಬೇಕು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಂದ ತಿದ್ದುಪಡಿಯ ನಂತರ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ತಯಾರಿಕೆಗೂ ಅವಕಾಶ ದೊರೆಯಿತು. ಹೆಚ್ಚು ಮನೆಗಳಿಗೆ ಕಡಿಮೆ ಬೆಲೆಯಲ್ಲಿ ಧ್ವಜ ತಲುಪಲಿ ಎಂಬ ವಾದದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ಆದರೂ ಧ್ವಜವನ್ನು ನೂಲುವವರ ಕೈಯಿಂದ ಬಿಡಿಸಿದಾಗ ಅದರ ಇತಿಹಾಸದ ಒಂದು ದೊಡ್ಡ ಭಾಗವನ್ನು ಬಿಡಿಸಿದಂತಾಯಿತೆಂದೇ ನನ್ನ ಅಭಿಪ್ರಾಯ.

ಸ್ವತಂತ್ರ ಭಾರತದಲ್ಲೂ ಬಹುಕಾಲ ಸಾಮಾನ್ಯ ನಾಗರಿಕರು ಕೆಲವು ನಿಗದಿತ ದಿನಗಳನ್ನು ಬಿಟ್ಟು ಉಳಿದಂತೆ ತಮ್ಮ ಮನೆಯ ಮೇಲೆ ಧ್ವಜ ಹಾರಿಸುವಂತಿರಲಿಲ್ಲ. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜ ಸಂಹಿತೆ ಆ ನಿರ್ಬಂಧವನ್ನು ತೆಗೆಯಿತು. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನವೀನ್ ಜಿಂದಾಲ್ ಪ್ರಕರಣದಲ್ಲಿ, ಗೌರವಪೂರ್ವಕವಾಗಿ ಧ್ವಜ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯಡಿ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಹಕ್ಕಿನೊಂದಿಗೆ ನಿಯಮಗಳೂ ಇವೆ. ಅವಮಾನ ಮಾಡಿದರೆ 1971ರ ಕಾಯ್ದೆಯಂತೆ ಶಿಕ್ಷೆಯಿದೆ.

ಉಪನ್ಯಾಸ ಮುಗಿದ ಮೇಲೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡಕ್ಕೆ ನೀಡಿದ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ. ಸೂರ್ಯಾಸ್ತದ ನಂತರ ಧ್ವಜ ಇಳಿಸಲೇಬೇಕೇ ಎಂದು ಹಿರಿಯರೊಬ್ಬರು ಕೇಳಿದರು. 2022ರ ಜುಲೈ ತಿಂಗಳ ತಿದ್ದುಪಡಿಯ ಪ್ರಕಾರ ಮನೆಯ ಮೇಲೆ ಅಥವಾ ಬಯಲಿನಲ್ಲಿ ಹಾರಿಸಿದ ಧ್ವಜ ಹಗಲು ರಾತ್ರಿ ಹಾರಬಹುದು. ಮನೆಯಲ್ಲಿ ಹರಿದುಹೋದ ಹಳೆಯ ಧ್ವಜವನ್ನು ಏನು ಮಾಡಬೇಕೆಂಬುದು ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ. ಹರಿದ ಅಥವಾ ಮಾಸಿದ ಧ್ವಜವನ್ನು ಹಾರಿಸಬಾರದು, ಒರಸುಬಟ್ಟೆಯಾಗಿಯೋ ಹೊದಿಕೆಯಾಗಿಯೋ ಬಳಸಬಾರದು, ಕಸದ ಗಾಡಿಗೂ ಹಾಕಬಾರದು. ಯಾರೂ ಇಲ್ಲದ ಕಡೆ, ಧ್ವಜದ ಘನತೆಗೆ ತಕ್ಕಂತೆ, ಸುಡುವ ಮೂಲಕವೋ ಅಂಥದೇ ಗೌರವದ ಬೇರೆ ರೀತಿಯಲ್ಲೋ ಅದನ್ನು ಪೂರ್ಣವಾಗಿ ವಿಲೇವಾರಿ ಮಾಡಬೇಕೆಂದು ಸಂಹಿತೆ ಹೇಳುತ್ತದೆ.